ನಮ್ಮ ಸೀಮೆಯ ಅಣಬೆಗಳು: ಗುರುತಿಸುವ ಬಗೆ, ಚಿತ್ರ ತೆಗೆಯುವ ಬಗೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಉಪನ್ಯಾಸದ ಬರಹ ರೂಪ)

ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಮ್.



ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ.ಯಲ್ಲಿ ಒಳ್ಳೆಯ ಅಂಕ ಪಡೆದ ಮಕ್ಕಳಿಗೆ ಬಹುಮಾನ ಕೊಡುವ ದಿನ ಇದು. ಇಂಥ ದಿನ ಅಣಬೆಯ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘದ ಹಿರಿಯರೊಬ್ಬರು ನಕ್ಕು, "ಸರ್, ನಮ್ಮ ಕಡೆ ಮಳೀನ ಇಲ್ಲ, ಅಣಬಿ ಎಲ್ಲಿಂದ ಬರಬೇಕ್ರಿ? ಅದೇನಿದ್ರೂ ಮಲೆನಾಡಿನವರ ಮಾತು" ಎಂದರು. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 600 ಮಿಲಿಮೀಟರಿಗೂ ಕಡಿಮೆ ಮಳೆ ಬೀಳುತ್ತದೆ. ದಟ್ಟ ಕಾಡು ನಮ್ಮಲ್ಲಿಲ್ಲ. ಆದರೆ ಉಳಿದ ಅರ್ಧ ಸತ್ಯವನ್ನು ನೀವು ನೋಡಬೇಕು ಎಂಬುದೇ ನನ್ನ ಇಂದಿನ ಕೋರಿಕೆ.

ನನ್ನ ಒಂದು ತಪ್ಪು

ಮೊದಲಿಗೆ ನನ್ನ ಒಂದು ತಪ್ಪನ್ನು ಹೇಳಿಕೊಳ್ಳುತ್ತೇನೆ. ನಾನು ಅಣಬೆಯನ್ನು ಗಂಭೀರವಾಗಿ ಓದಲು ಆರಂಭಿಸಿದ್ದೇ ಆ ತಪ್ಪಿನ ನಂತರ.

ಕೆಲವು ವರ್ಷಗಳ ಹಿಂದೆ ಮಳೆಗಾಲದ ಒಂದು ಸಂಜೆ, ಯಲಬುರ್ಗಾ ಕಡೆಯ ಹಳ್ಳಿಯಲ್ಲಿರುವ ನನ್ನ ತಂಗಿಯ ಮಗ ಮೊಬೈಲಿಗೆ ಒಂದು ಚಿತ್ರ ಕಳಿಸಿದ. "ಮಾಮೂ, ಇದು ಹುತ್ತದ ಅಣಬಿ ಹೌದಲ್ರಿ? ಅಮ್ಮೀ ಪಲ್ಯ ಮಾಡ್ತೀನಿ ಅಂತಾಳ" ಎಂದು ಕೇಳಿದ್ದ. ನಿಂತಲ್ಲಿಂದ ಮೇಲಿನಿಂದ ತೆಗೆದ ಚಿತ್ರ. ಬಿಳಿಯ ದೊಡ್ಡ ಛತ್ರಿ, ನಡುವೆ ಕಂದು ಬಣ್ಣ. ನಾನು ಜೀವಶಾಸ್ತ್ರದ ಮೇಷ್ಟ್ರು. ಬಸ್ಸಿನಲ್ಲಿ ಕುಳಿತಿದ್ದವನು ಎರಡು ಸೆಕೆಂಡು ನೋಡಿ "ಹೌದು" ಎಂದು ಬರೆದುಬಿಟ್ಟೆ. ಉಂಡ ಎರಡು ತಾಸಿನೊಳಗೆ ಮನೆಯ ಮೂವರಿಗೆ ವಾಂತಿಭೇದಿ ಹತ್ತಿತು. ರಾತ್ರಿಯಿಡೀ ಸಲೈನ್ ಹಾಕಿಸಿಕೊಂಡು ಮಲಗಿದರು. ಅಲ್ಲಾಹನ ಕೃಪೆ, ಎರಡು ದಿನಕ್ಕೆ ಚೇತರಿಸಿಕೊಂಡರು.

ಮರುದಿನ ನಾನು ಹೋಗಿ ಆ ಜಾಗ ನೋಡಿದೆ. ಅದು ಹುತ್ತವಲ್ಲ, ಹುಲ್ಲು ಬೆಳೆದ ಬಯಲು. ಉಳಿದಿದ್ದ ಒಂದು ಅಣಬೆಯನ್ನು ಮಗುಚಿ ನೋಡಿದರೆ ಛತ್ರಿಯ ಒಳಭಾಗ ನಸುಹಸಿರು. ಕಿತ್ತು ನೋಡಿದರೆ ಬುಡದಲ್ಲಿ ಬೇರಿನಂಥ ಉದ್ದ ಎಳೆ ಇಲ್ಲ. ಅದು ಕ್ಲೋರೋಫಿಲ್ಲಂ ಮಾಲಿಬ್ಡೈಟಿಸ್ ಎಂಬ ಹಸಿರು ಬೀಜಕಣದ ಅಣಬೆ. ಜಗತ್ತಿನ ಬೆಚ್ಚಗಿನ ದೇಶಗಳಲ್ಲೆಲ್ಲ ಜನರ ಹೊಟ್ಟೆ ಕೆಡಿಸುವುದರಲ್ಲಿ ಹೆಸರಾದದ್ದು. ನನಗೆ ಬಂದ ಚಿತ್ರದಲ್ಲಿ ಛತ್ರಿಯ ಅಡಿಭಾಗವೂ ಇರಲಿಲ್ಲ, ಬುಡವೂ ಇರಲಿಲ್ಲ. ಅಂದರೆ ಆ ಚಿತ್ರದಲ್ಲಿ ಉತ್ತರವೇ ಇರಲಿಲ್ಲ. ಇಲ್ಲದ ಉತ್ತರವನ್ನು ನಾನು ಕೊಟ್ಟಿದ್ದೆ. ಆದುದರಿಂದ ಇಂದು ನಾನು ಹೇಳುವುದೆಲ್ಲ ಒಂದೇ ಮಾತಿನ ವಿಸ್ತಾರ: ಅಣಬೆಯ ಚಿತ್ರ ತೆಗೆಯುವುದು ಅದನ್ನು ಅರಿಯುವುದಕ್ಕಾಗಿ, ತಿನ್ನಬಹುದೇ ಎಂದು ತೀರ್ಮಾನಿಸುವುದಕ್ಕಲ್ಲ.

ಅಣಬೆ ಎಂದರೇನು?

ಅಣಬೆ ಗಿಡವಲ್ಲ. ಅದಕ್ಕೆ ಹಸಿರು ಎಲೆಯಿಲ್ಲ, ಬಿಸಿಲಿನಿಂದ ಆಹಾರ ತಯಾರಿಸುವ ಶಕ್ತಿಯಿಲ್ಲ. 1969ರಲ್ಲಿ ವಿಟೇಕರ್ ಎಂಬ ವಿಜ್ಞಾನಿ ಜೀವಿಗಳನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿದಾಗ ಶಿಲೀಂಧ್ರಗಳಿಗೆ ಬೇರೆಯದೇ ಸಾಮ್ರಾಜ್ಯ ಕೊಟ್ಟದ್ದನ್ನು ನೀವು ಪಠ್ಯದಲ್ಲಿ ಓದಿದ್ದೀರಿ. ಜಗತ್ತಿನಲ್ಲಿ ಇದುವರೆಗೆ ಹೆಸರಿಡಲಾದ ಶಿಲೀಂಧ್ರಗಳು ಸುಮಾರು ಒಂದೂವರೆ ಲಕ್ಷ. ಅವುಗಳ ಮುಖ್ಯ ದೇಹ ಮಣ್ಣಿನಲ್ಲಿ, ಕೊಳೆತ ಕಟ್ಟಿಗೆಯಲ್ಲಿ, ಸಗಣಿಯಲ್ಲಿ ಹತ್ತಿಯ ನೂಲಿಗಿಂತ ತೆಳ್ಳಗಿನ ಎಳೆಗಳಾಗಿ ಹರಡಿರುತ್ತದೆ. ಮಳೆ ಬಿದ್ದಾಗ ಮೇಲೆ ಬರುವ ಛತ್ರಿ ಅದರ ಫಲ ಮಾತ್ರ. ಮಾವಿನ ಮರ ನೆಲದೊಳಗೆ ಹೂತಿದ್ದು ಹಣ್ಣು ಮಾತ್ರ ಹೊರಗೆ ಕಂಡರೆ ಹೇಗೋ ಹಾಗೆ. ಆ ಛತ್ರಿಯ ಕೆಲಸ ಬೀಜಕಣ ಉದುರಿಸುವುದು. ಒಂದು ಬೀಜಕಣ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ಇರಬಹುದು, ಅಷ್ಟೆ.

ಸತ್ತ ನೆಲವನ್ನು ಮಳೆಯಿಂದ ಜೀವಂತಗೊಳಿಸುವ ದೃಷ್ಟಾಂತ ಪವಿತ್ರ ಕುರ್‌ಆನಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಒಣಗಿ ಬಿರಿದ ನಮ್ಮ ಮಸಾರಿ ಹೊಲದಲ್ಲಿ ಮಿರಗದ ಮಳೆಯಾದ ನಾಲ್ಕಾರು ದಿನಕ್ಕೆ ಬಿಳಿ ಛತ್ರಿಗಳು ಎದ್ದು ನಿಲ್ಲುವುದನ್ನು ಕಂಡವರಿಗೆ ಆ ದೃಷ್ಟಾಂತವನ್ನು ಬೇರೆ ವಿವರಿಸಬೇಕಾಗಿಲ್ಲ.

ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲಿ ನೋಡಬೇಕು?

1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ನಮ್ಮ ಜಿಲ್ಲೆ ಆದಾಗ ಇದ್ದದ್ದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕು. ಈಚೆಗೆ ಕುಕನೂರು, ಕನಕಗಿರಿ, ಕಾರಟಗಿ ಸೇರಿವೆ. ಲೆಕ್ಕಕ್ಕೆ ಅನುಕೂಲವಾಗಲೆಂದು ಹಳೆಯ ನಾಲ್ಕನ್ನೇ ಇಟ್ಟುಕೊಂಡು ಹೇಳುತ್ತೇನೆ.

ಗಂಗಾವತಿಯಿಂದ ಆರಂಭಿಸೋಣ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಅದು ಭತ್ತದ ಕಣಜವಾಗಿದೆ. ಭತ್ತ ಇದ್ದಲ್ಲಿ ಹುಲ್ಲಿನ ಬಣವೆ ಇದೆ. ಬಣವೆಯ ಬುಡದಲ್ಲಿ ತೇವ ಮತ್ತು ಶಾಖ ಎರಡೂ ಇವೆ. ಇದು ಭತ್ತದ ಹುಲ್ಲಿನ ಅಣಬೆಗೆ, ಅಂದರೆ ವಾಲ್ವೇರಿಯೆಲ್ಲಾಕ್ಕೆ ಇಷ್ಟವಾದ ಜಾಗ. ಮೊದಲು ಬೂದುಬಣ್ಣದ ಮೊಟ್ಟೆಯಂತೆ ಕಾಣಿಸಿ, ಆ ಮೊಟ್ಟೆ ಒಡೆದು ಛತ್ರಿ ಹೊರಬರುತ್ತದೆ. ಒಡೆದ ಮೊಟ್ಟೆಯ ಸಿಪ್ಪೆ ಬುಡದಲ್ಲಿ ಬಟ್ಟಲಿನಂತೆ ಉಳಿಯುತ್ತದೆ. ಈ ಬಟ್ಟಲನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದರ ಮಾತು ಬರುತ್ತದೆ.

ಕುಷ್ಟಗಿ, ಯಲಬುರ್ಗಾಗಳ ಒಣಭೂಮಿಯಲ್ಲಿ ಹುತ್ತಗಳನ್ನು ನೋಡಿ. ಗೆದ್ದಲುಗಳಲ್ಲಿ ಒಂದು ಪಂಗಡ ತನ್ನ ಗೂಡಿನೊಳಗೆ ಅಣಬೆಯ ತೋಟ ಮಾಡುತ್ತದೆ. ತಾನು ಅಗಿದು ತಂದ ಒಣ ಎಲೆ, ಕಡ್ಡಿಗಳನ್ನು ಸ್ಪಂಜಿನಂತೆ ಜೋಡಿಸಿ, ಅದರ ಮೇಲೆ ಟರ್ಮಿಟೋಮೈಸಿಸ್ ಎಂಬ ಶಿಲೀಂಧ್ರವನ್ನು ಬೆಳೆಸಿ ಉಣ್ಣುತ್ತದೆ. ಈ ಬೇಸಾಯ ಸುಮಾರು ಮೂರು ಕೋಟಿ ವರ್ಷಗಳಷ್ಟು ಹಳೆಯದೆಂದು ವಿಜ್ಞಾನಿಗಳ ಅಂದಾಜು. ಮಳೆಗಾಲದಲ್ಲಿ ಆ ತೋಟದಿಂದ ಒಂದು ಉದ್ದನೆಯ ದಂಟು ಮಣ್ಣನ್ನು ಸೀಳಿಕೊಂಡು ಮೇಲೆ ಬಂದು ಛತ್ರಿಯಾಗುತ್ತದೆ. ಅದೇ ನಮ್ಮ ಹಿರಿಯರು ಹೇಳುವ ಹುತ್ತದ ಅಣಬೆ. ಅದರ ಛತ್ರಿಯ ನಡುವೆ ಮೊಳೆಯಂಥ ತುದಿ ಇರುತ್ತದೆ, ಬುಡದಲ್ಲಿ ಬೇರಿನಂತೆ ಆಳಕ್ಕೆ ಇಳಿಯುವ ಎಳೆ ಇರುತ್ತದೆ. ಇದರ ಒಂದು ಬಗೆ ಟರ್ಮಿಟೋಮೈಸಿಸ್ ಹೈಮಿಯೈ. ದಕ್ಷಿಣ ಭಾರತದಿಂದಲೇ 1979ರಲ್ಲಿ ವಿಜ್ಞಾನಕ್ಕೆ ಪರಿಚಯವಾದದ್ದು.

ಹುತ್ತದ ಮೇಲೆ ಇನ್ನೊಂದು ಬಗೆಯೂ ಕಾಣಬಹುದು. ಮಡಿಚಿದ ಕೊಡೆಯನ್ನು ನೆಲಕ್ಕೆ ನೆಟ್ಟಂತೆ ಇದ್ದು, ಎಂದೂ ಬಿಚ್ಚಿಕೊಳ್ಳದ ಅಣಬೆ ಅದು. ಹೆಸರು ಪೊಡ್ಯಾಕ್ಸಿಸ್. ದಂಟು ಕಟ್ಟಿಗೆಯಂತೆ ಗಟ್ಟಿ. ಒಳಗೆಲ್ಲ ಕಪ್ಪು ಪುಡಿ. ಒಣನಾಡಿನ ಅಣಬೆ ಇದು, ಮಲೆನಾಡಿಗರಿಗಿಂತ ನಮಗೇ ಹೆಚ್ಚು ಹತ್ತಿರದ್ದು. ಸಸ್ಯಗಳಿಗೆ ಲ್ಯಾಟಿನ್ ಹೆಸರಿಡುವ ಪದ್ಧತಿ ತಂದ ಲಿನ್ನೇಯಸ್ 1771ರಲ್ಲೇ ಇದನ್ನು ದಾಖಲಿಸಿದ್ದಾನೆ.

ಕೊಪ್ಪಳದ ಸುತ್ತಲಿನ ಮತ್ತು ಆನೆಗೊಂದಿಯ ಕಡೆಯ ಬಂಡೆಗುಡ್ಡಗಳಲ್ಲಿ, ಬಂಡೆಯ ಸಂದಿನಲ್ಲಿ ತರಗೆಲೆ ಕೊಳೆಯುವ ಕಡೆ ಹುಡುಕಿ. ಹಳೆಯ ಹುಣಸೆ, ಬೇವು, ಮಾವಿನ ಮರಗಳ ಬುಡದಲ್ಲಿ, ಸತ್ತ ಕೊಂಬೆಗಳಲ್ಲಿ ಬೀಸಣಿಗೆಯಂಥ ಗಟ್ಟಿ ಅಣಬೆಗಳಿರುತ್ತವೆ. ತೆಂಗಿನ ಬುಡಕ್ಕೆ ಬರುವ ಗ್ಯಾನೋಡರ್ಮಾವನ್ನು ರೈತರು ಬಲ್ಲರು. ಅದರಿಂದಲೇ ಆ ರೋಗಕ್ಕೆ ಅಣಬೆ ರೋಗ ಎಂಬ ಹೆಸರು. ಒಣ ಕೊಂಬೆಯ ಮೇಲೆ ಉಗುರಿನಷ್ಟೇ ಅಗಲದ, ಬೂದುಬಿಳಿಯ, ಉಣ್ಣೆಯಂಥ ಮೈಯ ಸಣ್ಣ ಬೀಸಣಿಗೆಗಳು ಕಂಡರೆ ಅದು ಷೈಝೋಫಿಲ್ಲಂ. ಬೇಸಿಗೆಯಲ್ಲಿ ಮುದುಡಿ ಒಣಗಿ, ಮಳೆ ತಗುಲಿದೊಡನೆ ಮತ್ತೆ ಅರಳುವ ಜೀವ ಅದು. ತಿಪ್ಪೆಯ ಮೇಲೆ ಬೆಳಿಗ್ಗೆ ಎದ್ದು ಮಧ್ಯಾಹ್ನಕ್ಕೆ ಕಪ್ಪು ಮಸಿಯಾಗಿ ಕರಗುವ ತೆಳ್ಳನೆಯ ಛತ್ರಿಗಳನ್ನು ನೀವೆಲ್ಲ ನೋಡಿದ್ದೀರಿ.

ನಮ್ಮ ಖಬರಸ್ತಾನಗಳನ್ನೂ ಈ ಪಟ್ಟಿಗೆ ಸೇರಿಸುತ್ತೇನೆ. ಉಳುಮೆ ಕಾಣದ ನೆಲ, ಹಳೆಯ ಬೇವಿನ ಮರಗಳು, ಹುತ್ತಗಳು ಅಲ್ಲಿ ಉಳಿದುಕೊಂಡಿವೆ. ಜಿಯಾರತಿಗೆ ಹೋದಾಗ ಅದಬಿನಿಂದ ನೋಡಿ, ಚಿತ್ರ ಮಾತ್ರ ತೆಗೆದುಕೊಳ್ಳಿ. ಅಲ್ಲಿ ಏನನ್ನೂ ಕೀಳಬೇಡಿ, ಅಗೆಯಬೇಡಿ. ಎಲ್ಲ ಕಡೆಗೂ ಒಂದು ಎಚ್ಚರಿಕೆ: ಹುತ್ತದಲ್ಲಿ ಹಾವು, ಕಲ್ಲಿನಡಿ ಚೇಳು ಇರುತ್ತವೆ. ಬರಿಗೈ ಹಾಕಬೇಡಿ, ಚಪ್ಪಲಿಗಿಂತ ಬೂಟು ಮೇಲು. ಸಣ್ಣವರು ದೊಡ್ಡವರ ಜೊತೆಗೇ ಹೋಗಬೇಕು.

ಗುರುತಿಸುವ ಬಗೆ

ಅಣಬೆಯನ್ನು ಬಣ್ಣದಿಂದ ಗುರುತಿಸುತ್ತೇವೆ ಎನ್ನುವುದು ಮೊದಲ ತಪ್ಪು. ಒಂದೇ ಅಣಬೆ ಬೆಳಿಗ್ಗೆ ಒಂದು ಬಣ್ಣ, ಬಿಸಿಲೇರಿದ ಮೇಲೆ ಇನ್ನೊಂದು ಬಣ್ಣ. ಆದುದರಿಂದ ಒಂದೊಂದಾಗಿ ಏಳು ಪ್ರಶ್ನೆ ಕೇಳಬೇಕು.

1. ಎಲ್ಲಿ ಬೆಳೆದಿದೆ? ಮಣ್ಣಿನಲ್ಲೋ, ಹುತ್ತದಲ್ಲೋ, ಕಟ್ಟಿಗೆಯಲ್ಲೋ, ಸಗಣಿಯಲ್ಲೋ? ಹತ್ತಿರದ ಮರ ಯಾವುದು?
2. ಒಂಟಿಯೋ, ಗುಂಪೋ, ಒಂದೇ ಬುಡದಿಂದ ಹಲವೋ?
3. ಛತ್ರಿಯ ಆಕಾರ, ಅಳತೆ ಎಷ್ಟು? ಮೇಲ್ಮೈ ನುಣುಪೋ, ಹಕ್ಕಳೆ ಇದೆಯೋ?
4. ಛತ್ರಿಯ ಕೆಳಗೆ ಪುಸ್ತಕದ ಹಾಳೆಗಳಂಥ ಪದರವೋ, ಸೂಜಿಯಿಂದ ಚುಚ್ಚಿದಂಥ ರಂಧ್ರಗಳೋ? ಪದರಗಳು ದಂಟಿಗೆ ತಾಗಿವೆಯೋ, ಬಿಟ್ಟಿವೆಯೋ?
5. ದಂಟಿಗೆ ಬಳೆಯಂಥ ಉಂಗುರ ಇದೆಯೋ?
6. ಬುಡದಲ್ಲಿ ಏನಿದೆ? ಬಟ್ಟಲೋ, ಗಡ್ಡೆಯೋ, ಬೇರಿನಂಥ ಎಳೆಯೋ?
7. ಬೀಜಕಣದ ಬಣ್ಣ ಯಾವುದು?

ಏಳನೆಯದಕ್ಕೆ ಪ್ರಯೋಗಶಾಲೆ ಬೇಕಿಲ್ಲ. ಅರ್ಧ ಬಿಳಿ, ಅರ್ಧ ಕಪ್ಪು ಇರುವ ಒಂದು ಕಾಗದ ತೆಗೆದುಕೊಳ್ಳಿ. ಬಲಿತ ಅಣಬೆಯ ದಂಟನ್ನು ಕತ್ತರಿಸಿ, ಛತ್ರಿಯನ್ನು ಪದರ ಕೆಳಗೆ ಬರುವಂತೆ ಎರಡೂ ಬಣ್ಣದ ಮೇಲೆ ಅರ್ಧರ್ಧ ಇಡಿ. ಮೇಲೆ ಹಳೆಯ ಬಟ್ಟಲು ಮುಚ್ಚಿ, ರಾತ್ರಿ ಬಿಡಿ. ಬೆಳಿಗ್ಗೆ ಎತ್ತಿ ನೋಡಿದರೆ ಉದುರಿದ ಬೀಜಕಣಗಳ ಪುಡಿ ರಂಗೋಲಿಯಂತೆ ಮೂಡಿರುತ್ತದೆ. ಹುತ್ತದ ಅಣಬೆಯದು ನಸುಗೆಂಪು. ಭತ್ತದ ಹುಲ್ಲಿನ ಅಣಬೆಯದೂ ನಸುಗೆಂಪು. ನನ್ನ ತಂಗಿಯ ಮನೆಯವರನ್ನು ಮಲಗಿಸಿದ ಅಣಬೆಯದು ಹಸಿರು. ಆ ಅಣಬೆ ಎಳೆಯದಿದ್ದಾಗ ಪದರಗಳು ಬಿಳಿಯಾಗಿಯೇ ಇರುತ್ತವೆ, ಬಲಿತ ಮೇಲಷ್ಟೇ ಹಸಿರಾಗುತ್ತವೆ. ಕಣ್ಣಿಗೆ ಮೋಸವಾಗುವುದು ಇಲ್ಲಿಯೇ. ಈ ಕೆಲಸಕ್ಕೆ ಬಳಸಿದ ಬಟ್ಟಲನ್ನು ಅಡುಗೆಗೆ ಸೇರಿಸಬೇಡಿ, ಕೈ ತೊಳೆದುಕೊಳ್ಳಿ.

ಈಗ ಬುಡದ ಬಟ್ಟಲಿನ ಮಾತು. ಅಮಾನಿಟಾ ಎಂಬ ಇನ್ನೊಂದು ಕುಲಕ್ಕೂ ಬುಡದಲ್ಲಿ ಹಾಗೆಯೇ ಬಟ್ಟಲಿರುತ್ತದೆ, ಅದೂ ಮೊಟ್ಟೆಯಾಗಿಯೇ ಹುಟ್ಟುತ್ತದೆ. ಆ ಕುಲದಲ್ಲಿ ಪ್ರಾಣ ತೆಗೆಯುವ ಅಣಬೆಗಳಿವೆ. ಏಷ್ಯಾದಿಂದ ಅಮೆರಿಕ, ಆಸ್ಟ್ರೇಲಿಯಗಳಿಗೆ ಹೋದವರು ತಮ್ಮ ಊರಿನ ಭತ್ತದ ಹುಲ್ಲಿನ ಅಣಬೆಯೆಂದು ತಿಳಿದು ಅಲ್ಲಿನ ಅಮಾನಿಟಾ ಫ್ಯಾಲಾಯ್ಡಿಸನ್ನು ಅಡುಗೆ ಮಾಡಿ ಸತ್ತದ್ದುಂಟು. 2012ರ ಹೊಸವರ್ಷದ ಹೊತ್ತಿಗೆ ಕ್ಯಾನ್‌ಬೆರಾ ನಗರದಲ್ಲಿ ಹಾಗೆ ತಿಂದ ಇಬ್ಬರು ತೀರಿಕೊಂಡರು. ಅವರಲ್ಲೊಬ್ಬರು ಅಡುಗೆಯನ್ನೇ ವೃತ್ತಿ ಮಾಡಿಕೊಂಡಿದ್ದವರು. ವಾಲ್ವೇರಿಯೆಲ್ಲಾಕ್ಕೆ ದಂಟಿನ ಉಂಗುರ ಇರುವುದಿಲ್ಲ, ಬೀಜಕಣ ನಸುಗೆಂಪು. ಈ ಅಮಾನಿಟಾಕ್ಕೆ ಉಂಗುರ ಇರುತ್ತದೆ, ಬೀಜಕಣ ಬಿಳಿ. ಇಷ್ಟು ವ್ಯತ್ಯಾಸ ಒಂದು ರಾತ್ರಿ ಕಾದಿದ್ದರೆ ಕಾಗದದ ಮೇಲೆ ಕಾಣುತ್ತಿತ್ತು.

ಚಿತ್ರ ತೆಗೆಯುವ ಬಗೆ

ಇದಕ್ಕೆ ದುಬಾರಿ ಕ್ಯಾಮೆರಾ ಬೇಡ. ಮನೆಯಲ್ಲಿರುವ ಮೊಬೈಲು ಸಾಕು. ಆದರೆ ಒಂದು ಅಣಬೆಗೆ ಒಂದು ಚಿತ್ರ ಸಾಲದು, ಆರು ಬೇಕು.

ಮೊದಲನೆಯದು ದೂರದಿಂದ, ಮರ, ಹುತ್ತ, ಬದು ಎಲ್ಲ ಕಾಣಬೇಕು. ಎರಡನೆಯದು ಮೇಲಿನಿಂದ, ಛತ್ರಿಯ ಮೇಲ್ಮೈ. ಮೂರನೆಯದು ನೆಲಮಟ್ಟದಿಂದ, ಪಕ್ಕಕ್ಕೆ. ಇದಕ್ಕೆ ಮಂಡಿಯೂರಿ ಮೊಬೈಲನ್ನು ನೆಲಕ್ಕೆ ತಾಗಿಸಬೇಕು. ನಾಲ್ಕನೆಯದು ಛತ್ರಿಯ ಅಡಿಭಾಗ. ಐದನೆಯದು ಒಂದೇ ಒಂದನ್ನು ಕಡ್ಡಿಯಿಂದ ಸುತ್ತ ಮಣ್ಣು ಬಿಡಿಸಿ, ಮುರಿಯದಂತೆ ಎತ್ತಿ, ಬುಡ ಕಾಣುವಂತೆ. ಆರನೆಯದು ಅದನ್ನೇ ಉದ್ದಕ್ಕೆ ಸೀಳಿ, ಒಳಗಿನ ಬಣ್ಣ ಕಾಣುವಂತೆ. ಮರುದಿನ ಬೀಜಕಣದ ಕಾಗದದ ಚಿತ್ರ ಸೇರಿದರೆ ಏಳಾಯಿತು. ಒಂದನ್ನು ಕಿತ್ತರೆ ಸಾಕು, ಉಳಿದವು ಅಲ್ಲೇ ಇರಲಿ. ಹೊಲದವರ ಅಪ್ಪಣೆ ಕೇಳಿಯೇ ಕಾಲಿಡಿ.

ಅಳತೆ ತಿಳಿಯಲು ಪಕ್ಕದಲ್ಲಿ ಸ್ಕೇಲು ಇಡಿ. ಇಲ್ಲದಿದ್ದರೆ ಹತ್ತು ರೂಪಾಯಿ ನಾಣ್ಯ ಇಡಿ. ಅದರ ಅಗಲ 27 ಮಿಲಿಮೀಟರು. ಬೆಳಕಿಗೆ ಮೋಡದ ದಿನ ಒಳ್ಳೆಯದು. ಬಿಸಿಲಿದ್ದರೆ ಕೊಡೆ ಹಿಡಿದು ನೆರಳು ಮಾಡಿ. ಛತ್ರಿಯ ಕೆಳಗೆ ಕತ್ತಲಾದರೆ ಒಂದು ಬಿಳಿ ಕಾಗದವನ್ನು ನೆಲದ ಹತ್ತಿರ ಓರೆಯಾಗಿ ಹಿಡಿದರೆ ಬೆಳಕು ಮೇಲಕ್ಕೆ ಚಿಮ್ಮುತ್ತದೆ. ಫ್ಲಾಶ್ ಬೇಡ, ಅದು ಬಣ್ಣ ಕೆಡಿಸುತ್ತದೆ. ಕೈ ನಡುಗದಿರಲು ಬಟ್ಟೆಯ ಸಣ್ಣ ಚೀಲದಲ್ಲಿ ಎರಡು ಹಿಡಿ ಜೋಳ ತುಂಬಿ, ಅದರ ಮೇಲೆ ಮೊಬೈಲು ಆನಿಸಿ. ನಾನು ಇಂದಿಗೂ ಬಳಸುವುದು ಅದನ್ನೇ.

ಮೊಬೈಲು ತೀರ ಹತ್ತಿರ ಹೋದರೆ ಚಿತ್ರ ಮಸುಕಾಗುತ್ತದೆ. ಸ್ವಲ್ಪ ಹಿಂದೆ ಸರಿದು, ಪರದೆಯಲ್ಲಿ ಅಣಬೆಯ ಮೇಲೆ ಬೆರಳಿಟ್ಟು, ಅದು ಸ್ಪಷ್ಟವಾದ ಮೇಲೆ ತೆಗೆಯಿರಿ. ಬಿಳಿ ಅಣಬೆಯನ್ನು ಮೊಬೈಲು ಇನ್ನಷ್ಟು ಬೆಳ್ಳಗೆ ಮಾಡಿ ಪದರದ ವಿವರಗಳನ್ನು ಅಳಿಸಿಬಿಡುತ್ತದೆ. ಆಗ ಬೆಳಕನ್ನು ಕಡಿಮೆ ಮಾಡಿಕೊಳ್ಳಿ. ಮುಖ ಚೆಂದ ಕಾಣಿಸುವ ಫಿಲ್ಟರುಗಳನ್ನು ಇಲ್ಲಿ ಹಚ್ಚಬೇಡಿ. ನಸುಹಸಿರನ್ನು ಬಿಳಿ ಮಾಡುವ ಒಂದು ಫಿಲ್ಟರು ಒಬ್ಬರನ್ನು ಆಸ್ಪತ್ರೆಗೆ ಕಳಿಸಬಲ್ಲದು.

ಚಿತ್ರದ ಜೊತೆಗೆ ನೋಟುಬುಕ್ಕಿನಲ್ಲಿ ತಾರೀಕು, ಊರು, ಮಣ್ಣು ಎರೆಯೋ ಮಸಾರಿಯೋ, ಹತ್ತಿರದ ಮರ, ವಾಸನೆ, ಕೊನೆಯ ಮಳೆ ಯಾವಾಗ ಎಂಬುದನ್ನು ಬರೆಯಿರಿ. ಚಿತ್ರದಲ್ಲಿ ವಾಸನೆ ಬರುವುದಿಲ್ಲ. ನಾಳೆಗೆ ಅದು ನೆನಪಿನಲ್ಲೂ ಇರುವುದಿಲ್ಲ.

ಒಂದು ಹೆಸರು, ಹಲವು ವಸ್ತು

ನಮ್ಮ ಸಮಾಜದಲ್ಲಿ ಈ ವಿಷಯಕ್ಕೆ ಸಂಬಂಧಿಸಿದ ಒಂದು ಮಾತನ್ನು ಉಲಮಾಗಳ ಸಮ್ಮುಖದಲ್ಲಿ ಅದಬಿನಿಂದ ಇಡುತ್ತೇನೆ. "ಕಮ್‌ಅಃ" ಎಂಬುದು ಮನ್ನದ ಬಗೆಗೆ ಸೇರಿದ್ದು, ಅದರ ನೀರು ಕಣ್ಣಿಗೆ ಶಮನಕಾರಿ ಎಂಬ ಅರ್ಥದ ಹದೀಸು ಸಹೀಹ್ ಬುಖಾರಿ ಮತ್ತು ಸಹೀಹ್ ಮುಸ್ಲಿಮ್ ಎರಡರಲ್ಲೂ ಹಜ್ರತ್ ಸಈದ್ ಬಿನ್ ಜೈದ್ ಅವರ ವರದಿಯಾಗಿ ಬಂದಿದೆ. ಉರ್ದು ಅನುವಾದಗಳಲ್ಲಿ ಕಮ್‌ಅಃ ಎಂಬುದಕ್ಕೆ "ಖುಂಬಿ" ಎಂದು ಬರೆಯುವುದು ರೂಢಿ. ಖುಂಬಿ ಎಂದರೆ ನಮಗೆ ಮಳೆಯಲ್ಲಿ ಏಳುವ ನಾಯಿಕೊಡೆ.

ಆದರೆ ಅರಬರ ಕಮ್‌ಅಃ ಛತ್ರಿಯಲ್ಲ. ಅದು ಮರುಭೂಮಿಯ ಮರಳಿನೊಳಗೆ, ಒಂದು ಜಾತಿಯ ಸಣ್ಣ ಪೊದೆಗಳ ಬೇರಿಗೆ ಹೊಂದಿಕೊಂಡು ಬೆಳೆಯುವ ಗಡ್ಡೆ. ಟರ್ಫೇಝಿಯಾ, ಟಿರ್ಮಾನಿಯಾ ಎಂಬ ಕುಲಗಳದು. ನೋಡಲು ಸಣ್ಣ ಆಲೂಗಡ್ಡೆಯಂತೆ, ದಂಟಿಲ್ಲ, ಕೊಡೆಯಿಲ್ಲ. ಗಲ್ಫಿಗೆ ದುಡಿಯಲು ಹೋಗಿ ಬಂದವರು ಚಳಿಗಾಲದ ಮಳೆಯ ನಂತರ ಅಲ್ಲಿನ ಮಾರುಕಟ್ಟೆಯಲ್ಲಿ "ಫಗಾ" ಎಂದು ದುಬಾರಿ ಬೆಲೆಗೆ ಮಾರುವುದನ್ನು ನೋಡಿರಬಹುದು. ನಮ್ಮ ರಾಜ್ಯದಲ್ಲಿ ಆಕಾರಕ್ಕೆ ಅದನ್ನು ಹೋಲುವುದೆಂದರೆ ಕರಾವಳಿಯ ಕಲ್ಲಣಬೆ. ಮಂಗಳೂರು ವಿಶ್ವವಿದ್ಯಾಲಯದ ಕೆ.ಆರ್. ಶ್ರೀಧರ್ ಮತ್ತು ಅವರ ಸಂಗಡಿಗರು ಅದರ ಬಗ್ಗೆ ಅಧ್ಯಯನ ಮಾಡಿದ್ದಾರೆ. ಅದೂ ಬೇರೆಯೇ ಜಾತಿ. ಹೀಗಿರುವಾಗ ಅನುವಾದದ ಒಂದು ಶಬ್ದ ನಂಬಿ ನಮ್ಮ ತಿಪ್ಪೆಯ ಖುಂಬಿಯ ರಸವನ್ನು ಯಾರೂ ಮಕ್ಕಳ ಕಣ್ಣಿಗೆ ಬಿಡಬಾರದು. ಇದು ಹದೀಸಿನ ಮೇಲಿನ ಸಂಶಯವಲ್ಲ. ಹದೀಸಿನಲ್ಲಿ ಹೇಳಿದ ವಸ್ತು ಯಾವುದೆಂದು ಸರಿಯಾಗಿ ತಿಳಿಯುವ ಗೌರವ. ಕಣ್ಣಿನ ತೊಂದರೆಗೆ ಕಣ್ಣಿನ ವೈದ್ಯರ ಬಳಿ ಹೋಗಿ.

ಹೆಸರಿನ ಈ ತೊಡಕನ್ನು ಸಾವಿರ ವರ್ಷದ ಹಿಂದೆಯೇ ಅಲ್-ಬೀರೂನಿ ಕಂಡಿದ್ದರು. ಹಿಂದುಸ್ತಾನದ ಬಗ್ಗೆ ಬರೆದ ಆ ಮಹಾ ವಿದ್ವಾಂಸರು ಔಷಧದ್ರವ್ಯಗಳ ಬಗ್ಗೆ "ಕಿತಾಬುಸ್ಸೈದನಾ" ಎಂಬ ಗ್ರಂಥ ಬರೆದು, ಒಂದೊಂದು ವಸ್ತುವಿಗೂ ಅರಬಿ, ಗ್ರೀಕ್, ಸಿರಿಯಾಕ್, ಫಾರಸಿ, ಹಿಂದುಸ್ತಾನದ ಭಾಷೆಗಳ ಹೆಸರುಗಳನ್ನು ಕೂಡಿಸಿಟ್ಟರು. ಹೆಸರು ತಪ್ಪಿದರೆ ಔಷಧವೇ ತಪ್ಪುತ್ತದೆ. ನೀವು ಅಣಬೆಯ ಚಿತ್ರಕ್ಕೆ ಊರ ಹೆಸರು, ಉರ್ದು ಹೆಸರು, ವಿಜ್ಞಾನದ ಹೆಸರು ಮೂರನ್ನೂ ಬರೆದರೆ ಅದೇ ದಾರಿಯಲ್ಲಿ ನಡೆದಂತೆ.

ವಿಷದ ಬಗ್ಗೆ

ವಿಷದ ಅಣಬೆ ಬೆಳ್ಳಿಯನ್ನು ಕಪ್ಪು ಮಾಡುತ್ತದೆ, ಬೆಳ್ಳುಳ್ಳಿ ಹಾಕಿದರೆ ತಿಳಿಯುತ್ತದೆ, ಹುಳ ತಿಂದಿದ್ದರೆ ಮನುಷ್ಯರೂ ತಿನ್ನಬಹುದು, ಚೆನ್ನಾಗಿ ಕುದಿಸಿದರೆ ವಿಷ ಹೋಗುತ್ತದೆ ಎಂಬ ಮಾತುಗಳು ಎಲ್ಲ ದೇಶಗಳಲ್ಲೂ ಇವೆ. ನಾಲ್ಕೂ ಸುಳ್ಳು. ಅಮಾನಿಟಾದ ವಿಷ ಕುದಿಸಿದರೂ ಒಣಗಿಸಿದರೂ ಹೋಗುವುದಿಲ್ಲ. ಅದನ್ನು ತಿಂದವರಿಗೆ ಆರು ತಾಸಿಗೂ ಹೆಚ್ಚು ಹೊತ್ತು ಏನೂ ಆಗುವುದಿಲ್ಲ. ನಂತರ ವಾಂತಿಭೇದಿ, ಆಮೇಲೆ ಒಂದು ದಿನ ಗುಣವಾದಂತೆ ಕಾಣುತ್ತದೆ. ಆ ಹೊತ್ತಿನಲ್ಲೇ ಯಕೃತ್ತು ಕೆಡುತ್ತಿರುತ್ತದೆ. 2022ರ ಏಪ್ರಿಲಿನಲ್ಲಿ ಅಸ್ಸಾಮಿನಲ್ಲಿ ಕಾಡಣಬೆ ತಿಂದು ಕನಿಷ್ಠ 13 ಜನ ಸತ್ತರು. ಹೆಚ್ಚಿನವರು ಚಹಾ ತೋಟದ ಕೂಲಿಕಾರರ ಮನೆಯವರು, ಅವರಲ್ಲಿ ಮಕ್ಕಳೂ ಇದ್ದರು. ಬಡವರ ತಟ್ಟೆಗೆ ಪುಕ್ಕಟೆ ಸಿಗುವ ಪಲ್ಯ ಇದು. ಆದುದರಿಂದ ಇದರ ಅರಿವು ಮೊದಲು ಬೇಕಾದದ್ದು ಬಡವರ ಮನೆಗೆ.

ಯಾರಾದರೂ ತಿಂದು ಅಸ್ವಸ್ಥರಾದರೆ ಮನೆಮದ್ದು ಮಾಡುತ್ತ ಕೂಡಬೇಡಿ. 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಉಳಿದ ಅಣಬೆ, ಸಿಪ್ಪೆ, ಪಲ್ಯ ಏನಿದ್ದರೂ ಕಾಗದದಲ್ಲಿ ಸುತ್ತಿ ಜೊತೆಗೆ ಒಯ್ಯಿರಿ. ಎಷ್ಟು ಗಂಟೆಗೆ ಉಂಡರು, ಎಷ್ಟು ಗಂಟೆಗೆ ವಾಂತಿ ಶುರುವಾಯಿತು ಎಂಬುದನ್ನು ಬರೆದುಕೊಳ್ಳಿ. ವೈದ್ಯರಿಗೆ ಇದೇ ದೊಡ್ಡ ಸುಳಿವು. ಜೊತೆಗೆ ಉಂಡವರೆಲ್ಲರೂ, ಆರಾಮಾಗಿದ್ದರೂ, ಹೋಗಬೇಕು. ಅಣಬೆ ತಿನ್ನುವ ಆಸೆಯಿದ್ದರೆ ಬೆಳೆಸಿ ಮಾರುವ ಚಿಪ್ಪು ಅಣಬೆ, ಬಟನ್ ಅಣಬೆ ಕೊಂಡು ತಿನ್ನಿ.

ಮುಂದಿನ ಮಳೆಗಾಲಕ್ಕೆ

ಇಷ್ಟೆಲ್ಲ ಹೇಳಿದ್ದು ನಿಮ್ಮನ್ನು ಹೆದರಿಸಲು ಅಲ್ಲ. ಅಣಬೆಯನ್ನು ಮುಟ್ಟಿದರೆ ವಿಷ ಏರುವುದಿಲ್ಲ. ನೋಡಲು, ಚಿತ್ರ ತೆಗೆಯಲು, ಹೆಸರು ಹುಡುಕಲು ಯಾವ ಅಪಾಯವೂ ಇಲ್ಲ. ನನ್ನ ಕೋರಿಕೆ ಇಷ್ಟೇ. ಸಂಘದ ಪ್ರತಿ ಶಾಲೆ, ಪ್ರತಿ ಹಾಸ್ಟೆಲು ಮುಂದಿನ ಮಿರಗದ ಮಳೆಯಿಂದ ಹಸ್ತದ ಮಳೆಯವರೆಗೆ ಒಂದು ಅಣಬೆ ದಾಖಲೆ ಪುಸ್ತಕ ಇಡಲಿ. ಮನೆಯ ಹಿತ್ತಲು, ಬಣವೆ, ಶಾಲೆಯ ಅಂಗಳ ಸಾಕು; ಹೆಣ್ಣುಮಕ್ಕಳು ಇದರಲ್ಲಿ ಹುಡುಗರಿಗಿಂತ ಮುಂದೆ ಇರುತ್ತಾರೆಂದು ನನ್ನ ನಂಬಿಕೆ. ನಿಮ್ಮ ದಾದಿ, ನಾನಿಯರನ್ನು ಕೇಳಿ, ಅವರು ಬಲ್ಲ ಹೆಸರುಗಳನ್ನು ಬರೆದುಕೊಳ್ಳಿ.

ಆ ಚಿತ್ರಗಳನ್ನು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್, ಐನ್ಯಾಚುರಲಿಸ್ಟ್ ಎಂಬ ತಾಣಗಳಿಗೆ ಕಳಿಸಿದರೆ ಬಲ್ಲವರು ನೋಡಿ ಹೆಸರು ಸೂಚಿಸುತ್ತಾರೆ. ಮೊಬೈಲು ತಾನೇ ಸೂಚಿಸುವ ಹೆಸರನ್ನು ಊಹೆ ಎಂದಷ್ಟೇ ತಿಳಿಯಿರಿ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ನಿಮ್ಮ ಪಟ್ಟಿಯ ಒಂದು ಪ್ರತಿಯನ್ನು ಅಲ್ಲಿಗೂ ಕೊಡಬಹುದು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ, ಕೃಷಿ ವಿಜ್ಞಾನ ಕೇಂದ್ರಗಳು ನಮ್ಮ ಬಾಗಿಲಲ್ಲೇ ಇವೆ.

ಕೊನೆಯ ಮಾತು. ಯಾರಾದರೂ ಸುದ್ದಿ ತಂದರೆ ಅದನ್ನು ಪರಿಶೀಲಿಸಿ ನೋಡಿ ಎಂಬ ಬೋಧನೆ ಸೂರಃ ಅಲ್-ಹುಜುರಾತಿನಲ್ಲಿದೆ. ತಿಳಿಯದೆ ಜನರಿಗೆ ಕೇಡು ಮಾಡಿ ಆಮೇಲೆ ಪಶ್ಚಾತ್ತಾಪ ಪಡುವಂತಾಗಬಾರದೆಂಬುದು ಅದರ ಕಾರಣ. ಮೊಬೈಲಿಗೆ ಬಂದ ಒಂದು ಚಿತ್ರವೂ ಸುದ್ದಿಯೇ. ಆ ಸಂಜೆ ನಾನು ಪರಿಶೀಲಿಸಲಿಲ್ಲ. ಈಗ ನನ್ನ ತಂಗಿಯ ಮಗ ಕಾಲೇಜಿನಲ್ಲಿದ್ದಾನೆ. ಹೋದ ಮಳೆಗಾಲದಲ್ಲಿ ಒಂದು ಅಣಬೆಯ ಏಳು ಚಿತ್ರ ಕಳಿಸಿ, "ಮಾಮೂ, ತಿನ್ನಾಕಲ್ಲ, ಹೆಸರು ಹೇಳ್ರಿ" ಎಂದು ಬರೆದ. ನಾನು ಎರಡು ದಿನ ಪುಸ್ತಕ ನೋಡಿ, "ಕುಲ ಗೊತ್ತಾಯಿತು, ಜಾತಿ ಗೊತ್ತಾಗಲಿಲ್ಲಪ್ಪ" ಎಂದು ಉತ್ತರ ಬರೆದೆ. ಗೊತ್ತಿಲ್ಲ ಎನ್ನಲು ಕಲಿತದ್ದೇ ಈ ಅಣಬೆಗಳಿಂದ ನನಗೆ ಸಿಕ್ಕ ದೊಡ್ಡ ವಿದ್ಯೆ.

ಅಲ್ಲಾಹನು ನಿಮ್ಮೆಲ್ಲರ ಜ್ಞಾನವನ್ನು ಹೆಚ್ಚಿಸಲಿ, ಈ ಸಂಘದ ಸೇವೆಯನ್ನು ಸ್ವೀಕರಿಸಲಿ. ಆಮೀನ್.